ಬರಿಗೈಯ ಕರಡಿಗಳು

ಜೇನುಹುಳುಗಳು ತಮ್ಮ ಜೇನುತುಪ್ಪದ ಕಂಪನಿಯ ಜಾಹೀರಾತಿಗೆ ಕರಡಿಗಳ ಚಿತ್ರದ ಬೊಂಬೆಗಳನ್ನು ಮಾಡಿಸಲು ಹೊರಟವು. "ವರ್ಷವಿಡೀ ಅವೇ ಬೊಂಬೆಗಳು ದುಡಿಯಬೇಕು" ಎಂದು ರಾಣಿಜೇನು ಷರತ್ತು ಹಾಕಿದಳು.

ಚಿತ್ರ ಬರೆದು ತಂದವರು ನವಿಲು ಮತ್ತು ಗೀಜಗ. ನವಿಲು ಬರೆದ ಕರಡಿಯಜ್ಜಿಯ ಕೈಯಲ್ಲಿ ದೀಪಾವಳಿಯ ಹಣತೆ ಥಳಥಳಿಸುತ್ತಿತ್ತು. ಸಭೆಯೇ ಬೆರಗಾಯಿತು. ಗೀಜಗ ಬರೆದು ತಂದ ಕರಡಿಯಜ್ಜಿಯೋ ಬರಿಗೈಯಲ್ಲಿ ನಿಂತಿದ್ದಳು. ಅಂಗೈಯ ಜಾಗದಲ್ಲಿ ಕಾಗದಕ್ಕೊಂದು ಸಣ್ಣ ಸೀಳು ಮಾತ್ರ ಇತ್ತು.

"ಅರ್ಧ ಗೂಡು ಕಟ್ಟಿ ಕೂರುವ ನಿಮ್ಮ ಚಾಳಿ ಇಲ್ಲಿಗೂ ಬಂತೇ?" ನವಿಲು ನಕ್ಕಿತು.

ಗೀಜಗ ತಲೆ ತಗ್ಗಿಸಲಿಲ್ಲ. "ಬಂತು ಮಹಾರಾಯ. ಬಾಳುವವಳು ಬಂದು ನೋಡಿ ಒಪ್ಪಿದ ಮೇಲೆಯೇ ಉಳಿದರ್ಧ ನೇಯುವುದು ನಮ್ಮ ಕುಲದ ಪದ್ಧತಿ."

"ಯುಗಾದಿ ಬಂತು ಎಂದುಕೊಳ್ಳಿ. ಈಗೇನು ಮಾಡುತ್ತೀರಿ?" ರಾಣಿ ಕೇಳಿದಳು.

ನವಿಲು ಹಣತೆಯನ್ನು ಅಳಿಸಲು ಉಜ್ಜಿತು. ಹಣತೆಯ ಜೊತೆಗೆ ಅಜ್ಜಿಯ ಬೆರಳುಗಳೂ ಅಳಿಸಿಹೋದವು. ಗೀಜಗ ಬೇವಿನ ಚಿಗುರೊಂದನ್ನು ಕಿತ್ತು ತಂದು ತನ್ನ ಅಜ್ಜಿಯ ಅಂಗೈಗೆ ಸಿಕ್ಕಿಸಿತು.

"ಬೇಸಿಗೆ!" ಹುಳುಗಳು ಕೂಗಿದವು. ಚಿಗುರಿನ ಜಾಗಕ್ಕೆ ಪಾನಕದ ಲೋಟದ ಚಿತ್ರ ಬಂತು.

"ಮಳೆಗಾಲ, ಮನೆಮಂದಿಗೆಲ್ಲ ಕೆಮ್ಮು!" ಶುಂಠಿಯ ತುಂಡು ಬಂತು.

ಇಡೀ ಗೂಡು ಝೇಂಕರಿಸಿ ಗೀಜಗವನ್ನು ಸುತ್ತಿ ಕುಣಿಯಿತು.

"ಒಪ್ಪಿದೆ! ಇನ್ನು ಉಳಿದರ್ಧ ಮುಗಿಸು" ಎಂದಳು ರಾಣಿ.

ಗೀಜಗ ರೆಕ್ಕೆ ಕೊಡವಿ ಎದೆಯುಬ್ಬಿಸಿತು. "ಮುಗಿಸಿಬಿಟ್ಟರೆ ನಿಮ್ಮ ಮುಂದಿನ ಹಬ್ಬವನ್ನು ಎಲ್ಲಿಡಲಿ, ತಾಯಿ?"