ಬಾಯಿಗೆ ಬಾರದ ಪ್ರಾರ್ಥನೆ

"ಮೇಷ್ಟ್ರೇ, ಭಯದಿಂದ ನಡುಗುವ ಮನುಷ್ಯನೊಬ್ಬ ನನ್ನ ಮುಂದೆ ಬಂದು ಕೂತರೆ ನಾನು ಮೊದಲು ಏನು ಮಾಡಬೇಕು? ಕಲಿತ ಚಿಕಿತ್ಸೆಯನ್ನು ಕೊಡಬೇಕೋ, ದೇವರ ಹೆಸರು ಹೇಳಿ ಪ್ರಾರ್ಥನೆ ಮಾಡಿಸಬೇಕೋ?"

ಕೇಳಿದವನು ಜ್ಞಾನಪ್ರಕಾಶ. ಆಪ್ತಸಮಾಲೋಚನೆಯ ಓದು ಮುಗಿಸಿ, ಕೆಲಸಕ್ಕೆ ಸೇರುವ ಮೊದಲು ಗುರುವನ್ನು ಕಾಣಲು ಬಂದಿದ್ದ. ಗುರು ಲಾಜರಪ್ಪ ಮೇಷ್ಟ್ರಿಗೆ ವಯಸ್ಸಾಗಿತ್ತು. ಮನಸ್ಸು ನೊಂದವರಿಗೆ ನೆರವಾಗುವ ಬಗೆಯನ್ನು ಬಹಳ ವರ್ಷ ಕಲಿಸಿದವರು ಅವರು. ಶಿಷ್ಯನ ಪ್ರಶ್ನೆಗೆ ನೇರವಾಗಿ ಉತ್ತರ ಕೊಡಲಿಲ್ಲ.

"ಬಾವಿ ಕೆಲಸದವನೊಬ್ಬನಿದ್ದ," ಎಂದರು. "ಅವನ ನಿಜವಾದ ಹೆಸರು ಬೇಡ. ಚೌರಪ್ಪ ಎಂದುಕೊಳ್ಳೋಣ."

ಅವರು ಹೇಳಿದ ಕತೆ ಇದು.

ಚೌರಪ್ಪನ ಕೆಲಸ ಹಳೆಯ ಬಾವಿಗಳ ಹೂಳೆತ್ತುವುದು. ಅವನ ಜೊತೆಗಾರ ಇನ್ನಾಸಪ್ಪ. ಇಬ್ಬರೂ ಒಂದೇ ಊರಿನವರು, ಒಂದೇ ಚರ್ಚಿನವರು. ಮೀಸೆ ಮೂಡುವ ಮುಂಚಿನಿಂದ ಒಟ್ಟಿಗೆ ದುಡಿದವರು. ಒಬ್ಬನಿಲ್ಲದೆ ಇನ್ನೊಬ್ಬ ಬಾವಿಗೆ ಇಳಿದದ್ದನ್ನು ಊರು ಕಂಡಿರಲಿಲ್ಲ.

ಒಂದು ಬೇಸಿಗೆಯಲ್ಲಿ ಪಕ್ಕದೂರಿನವರು ಕರೆದರು. ಅಲ್ಲಿನ ಬಾವಿಯ ಕಲ್ಲುಕಟ್ಟಡ ಬಹಳ ಹಳೆಯದು. ಇಬ್ಬರೂ ಇಳಿದರು. ಮಧ್ಯಾಹ್ನದ ಹೊತ್ತಿಗೆ ಬಾವಿಯ ಒಂದು ಮಗ್ಗುಲು ಕುಸಿಯಿತು. ಕಲ್ಲೂ ಮಣ್ಣೂ ಒಟ್ಟಿಗೆ ಬಿದ್ದವು. ಚೌರಪ್ಪ ಕುತ್ತಿಗೆಯವರೆಗೆ ಹೂತುಹೋದ. ಇನ್ನಾಸಪ್ಪ ಕಾಣಲೇ ಇಲ್ಲ. ಮೇಲಿನವರು ಸಂಜೆಯವರೆಗೆ ಮಣ್ಣು ತೆಗೆದು ಚೌರಪ್ಪನನ್ನು ಜೀವಂತವಾಗಿ ಎತ್ತಿದರು. ಇನ್ನಾಸಪ್ಪನನ್ನು ಎತ್ತಿದಾಗ ಅವನಲ್ಲಿ ಉಸಿರಿರಲಿಲ್ಲ.

ದೇವರು ಒಬ್ಬನನ್ನಾದರೂ ಉಳಿಸಿದ ಎಂದು ಜನ ಹೇಳಿದರು. ಚೌರಪ್ಪನ ಮೈಮೇಲಿನ ಗಾಯಗಳು ಮಾಗಿದವು. ಒಳಗಿನದು ಮಾಗಲಿಲ್ಲ. ಬಾಗಿಲು ಹಾಕಿದರೆ ಅವನಿಗೆ ಉಸಿರು ಕಟ್ಟುತ್ತಿತ್ತು. ಬೀದಿಯಲ್ಲಿ ಯಾರಾದರೂ ಗಾಡಿಯಿಂದ ಕಲ್ಲು ಇಳಿಸಿದರೆ ಕೈಕಾಲು ತಣ್ಣಗಾಗುತ್ತಿದ್ದವು. ನಿದ್ದೆ ಹತ್ತಿದರೆ ಮಣ್ಣಿನ ವಾಸನೆ ಬಂದು ಎಚ್ಚರವಾಗುತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಅವನು ಹೆದರಿದ್ದು ಪ್ರಾರ್ಥನೆಗೆ.

ಅವನ ಹೆಂಡತಿ ಲೂರ್ದಮ್ಮ ದಿನವೂ ಸಂಜೆ ಜಪಮಾಲೆ ಹಿಡಿದು ಕೂರುವವಳು. ಅವರ ಮನೆಗಳಲ್ಲಿ ಯೇಸು ಕಲಿಸಿದ ಪ್ರಾರ್ಥನೆಯಾದ ಪರಲೋಕ ಮಂತ್ರವನ್ನು ಇಬ್ಬರು ಸೇರಿ ಹೇಳುವುದು ವಾಡಿಕೆ. ಒಬ್ಬರು ಅರ್ಧ ಹೇಳಿ ನಿಲ್ಲಿಸುತ್ತಾರೆ, ಇನ್ನೊಬ್ಬರು ಉಳಿದರ್ಧ ಹೇಳಿ ಮುಗಿಸುತ್ತಾರೆ. ಲೂರ್ದಮ್ಮ ತನ್ನ ಅರ್ಧ ಹೇಳಿ ಗಂಡನ ಕಡೆ ನೋಡುವಳು. ಚೌರಪ್ಪ ಬೆವರುತ್ತಾ ಎದ್ದು ಹೊರಗೆ ಹೋಗಿಬಿಡುವನು.

ಚರ್ಚಿನ ಸ್ವಾಮಿಯವರು ಒಳ್ಳೆಯವರು. ಮನೆಗೇ ಬಂದು, ಭಯ ಬಂದಾಗಲೆಲ್ಲ ಪ್ರಾರ್ಥಿಸು ಎಂದು ಹೇಳಿದರು. ಚೌರಪ್ಪ ತಲೆಯಾಡಿಸಿದ. ಪ್ರಾರ್ಥನೆಯಿಂದಲೇ ಭಯ ಬರುತ್ತದೆ ಎಂದು ಹೇಗೆ ಹೇಳುವುದು ಎಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಪ್ರಾರ್ಥನಾ ಕೂಟದವರು ಅವನನ್ನು ನಡುವೆ ಕೂರಿಸಿ ತಲೆಯ ಮೇಲೆ ಕೈಯಿಟ್ಟರು. ಪ್ರೀತಿಯಿಂದಲೇ ಇಟ್ಟರು. ಆದರೆ ಒಂದರ ಮೇಲೊಂದು ಕೈ ಬೀಳುತ್ತಿದ್ದ ಹಾಗೆ ಚೌರಪ್ಪನಿಗೆ ಅವು ಕೈಗಳೆನಿಸಲಿಲ್ಲ. ಮಣ್ಣೆನಿಸಿತು. ಎಲ್ಲರನ್ನೂ ತಳ್ಳಿ ಹೊರಗೆ ಓಡಿದ.

ದೇವರು ಉಳಿಸಿದವನಿಗೆ ದೇವರೇ ಬೇಡವಾಗಿದ್ದಾನೆ ಎಂದು ಒಬ್ಬಿಬ್ಬರು ಆಡಿಕೊಂಡರು. ಮಾತು ಅವನ ಕಿವಿಗೂ ಬಿತ್ತು. ಅವನಿಗೆ ಸಿಟ್ಟು ಬರಲಿಲ್ಲ. ನಿಜವಿರಬೇಕು ಎಂದುಕೊಂಡ. ವಿಶ್ವಾಸವಿದ್ದವನು ಹೀಗೆ ನಡುಗುತ್ತಾನೆಯೇ? ಇಲ್ಲ. ಹಾಗಾದರೆ ತನ್ನ ವಿಶ್ವಾಸ ಆ ಬಾವಿಯಲ್ಲೇ ಸತ್ತಿದೆ. ಅವನು ಬಾಯಿಬಿಟ್ಟು ಯಾರಿಗೂ ಇದನ್ನು ಹೇಳಲಿಲ್ಲ. ಕೆಲಸ ಬಿಟ್ಟ. ಊಟ ಕಡಿಮೆ ಮಾಡಿದ. ಇನ್ನಾಸಪ್ಪನ ಹೆಂಡತಿ ರೀತಮ್ಮ ಬೀದಿಯಲ್ಲಿ ಎದುರಾದರೆ ಬೇರೆ ದಾರಿ ಹಿಡಿದ.

ಒಂದು ದಿನ ಊಟದ ಮುಂದೆ ಕೂತವನು, "ಅವನ ಬದಲು ನಾನು ಹೋಗ್ಬೇಕಿತ್ತು. ಈಗ್ಲಾದ್ರೂ ಹೋದ್ರೆ ಎಲ್ಲಾರ್ಗೂ ಒಳ್ಳೇದು," ಎಂದ.

ಲೂರ್ದಮ್ಮ ಅಳಲಿಲ್ಲ, ಬುದ್ಧಿ ಹೇಳಲಿಲ್ಲ. ಅವನ ಪಕ್ಕದಲ್ಲಿ ಬಂದು ಕೂತಳು. "ಇವತ್ತಿಂದ ನಿಮ್ಮನ್ನ ಒಬ್ರನ್ನೇ ಬಿಡಲ್ಲ. ನಾಳೆ ಪಟ್ಟಣಕ್ಕೆ ಹೋಗೋಣ," ಎಂದಳು.

ಪಟ್ಟಣದಲ್ಲಿ ಸಿಸ್ಟರ್ ಜಸಿಂತಾ ಎಂಬ ಕನ್ಯಾಸ್ತ್ರೀ ಇದ್ದರು. ಇಂಥ ಆಘಾತಗಳಿಗೆ ಚಿಕಿತ್ಸೆ ಕೊಡುವುದನ್ನು ಕ್ರಮವಾಗಿ ಕಲಿತವರು. ಚೌರಪ್ಪ ಬಾಗಿಲಲ್ಲಿ ನಿಂತು ಅವರ ಉಡುಪನ್ನು ನೋಡಿದ. ಗೋಡೆಯ ಮೇಲಿನ ಶಿಲುಬೆಯನ್ನು ನೋಡಿದ. ತಿರುಗಿ ಹೊರಟ. ಮತ್ತೆ ಏನೋ ಅನಿಸಿ ನಿಂತ.

"ಸಿಸ್ಟರ್, ನನ್ ಕೈಲಿ ಪ್ರಾರ್ಥನೆ ಆಗಲ್ಲ."

"ಹಾಗಾದ್ರೆ ಇಲ್ಲಿ ಮಾಡೋದು ಬೇಡ," ಎಂದರು ಸಿಸ್ಟರ್. "ಒಳಗೆ ಬನ್ನಿ. ಬಾಗಿಲು ತೆಗೆದೇ ಇರ್ಲಿ."

ಹೀಗೆ ಶುರುವಾಯಿತು. ಸಿಸ್ಟರ್ ಮೊದಲು ಅವನಿಗೆ ನಿದ್ದೆ ಬರುವಂತೆ ಒಬ್ಬ ಡಾಕ್ಟರ್ ಹತ್ತಿರ ಕಳಿಸಿದರು. ನಡುಕ ಹತ್ತಿದಾಗ ಪಾದಗಳನ್ನು ನೆಲಕ್ಕೆ ಒತ್ತಿ, ಸುತ್ತ ಕಾಣುವ ವಸ್ತುಗಳ ಹೆಸರು ಹೇಳುವುದನ್ನು ಕಲಿಸಿದರು. ಉಸಿರನ್ನು ನಿಧಾನವಾಗಿ ಬಿಡುವುದನ್ನು ಕಲಿಸಿದರು. ಅವನು ಬಾವಿಯಿಂದ ಮೇಲೆ ಬಂದಾಗಿದೆ ಎಂಬುದು ಅವನ ಮೈಗೆ ಇನ್ನೂ ಗೊತ್ತಾಗಿಲ್ಲ, ಅದಕ್ಕೇ ನಡುಗುತ್ತದೆ, ಇದು ಪಾಪವಲ್ಲ ಎಂದು ಬಿಡಿಸಿ ಹೇಳಿದರು. ಪಾಪವಲ್ಲ ಎಂಬ ಮಾತನ್ನು ಚೌರಪ್ಪ ಇನ್ನೊಮ್ಮೆ ಹೇಳಿಸಿಕೊಂಡ.

ಮೈ ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಆ ದಿನದ ಸಂಗತಿಯನ್ನು ಸ್ವಲ್ಪ ಸ್ವಲ್ಪವಾಗಿ ಹೇಳತೊಡಗಿದ. ಪ್ರತಿ ಸಲವೂ ಒಂದೇ ಕಡೆ ನಿಲ್ಲಿಸುತ್ತಿದ್ದ. ಮಣ್ಣು ಬಿತ್ತು, ಕಣ್ಣು ಕತ್ತಲಾಯಿತು, ಎಂದು ಹೇಳಿ ನೀರು ಕೇಳುತ್ತಿದ್ದ. ಸಿಸ್ಟರ್ ನೀರು ಕೊಡುತ್ತಿದ್ದರು. ಮುಂದೇನಾಯಿತು ಎಂದು ಕೇಳುತ್ತಿರಲಿಲ್ಲ.

ಒಂದು ದಿನ ಅವನೇ ಕೇಳಿದ. "ಸಿಸ್ಟರ್, ವಿಶ್ವಾಸ ಸತ್ತೋದವನಿಗೆ ನೀವು ಯಾಕೆ ಇಷ್ಟು ಕಷ್ಟಪಡ್ತೀರಿ?"

ಸಿಸ್ಟರ್ ಅವನ ಕೆಲಸದ ಬಗ್ಗೆಯೇ ಕೇಳಿದರು. "ಬಾವಿಗೆ ಇಳಿದವರು ಹಗ್ಗ ಹಿಡ್ಕೊಂಡೇ ಇರ್ತೀರಾ?"

"ಇಲ್ಲ. ಸೊಂಟಕ್ಕೆ ಕಟ್ಟಿರ್ತೀವಿ. ಹಿಡಿಯೋರು ಮೇಲಿರ್ತಾರೆ."

ಆಗ ಸಿಸ್ಟರ್ ಅವನಿಗೆ ಗೊತ್ತಿದ್ದ ಒಂದು ಪ್ರಸಂಗವನ್ನು ನೆನಪಿಸಿದರು. ಪಾರ್ಶ್ವವಾಯು ಬಡಿದ ಒಬ್ಬನನ್ನು ನಾಲ್ವರು ಹೊತ್ತು ತಂದರು. ಜನ ಕಿಕ್ಕಿರಿದಿದ್ದರಿಂದ ಮನೆಯ ಚಾವಣಿ ತೆಗೆದು ಯೇಸುವಿನ ಮುಂದೆ ಇಳಿಸಿದರು.

"ಮಲಗಿದ್ದವನು ಏನಾದ್ರೂ ಬೇಡಿಕೊಂಡ ಅಂತ ಕೇಳಿದ್ದೀರಾ?"

ಚೌರಪ್ಪ ಯೋಚಿಸಿದ. ಚಿಕ್ಕಂದಿನಿಂದ ಚರ್ಚಿನ ಪೂಜೆಯಲ್ಲಿ ಕೇಳಿದ್ದ ಪ್ರಸಂಗ ಅದು. "ಇಲ್ಲ. ಅವನು ಮಾತೇ ಆಡ್ಲಿಲ್ಲ."

"ಯೇಸು ನೋಡಿದ್ದು ಯಾರ ವಿಶ್ವಾಸ?"

"ಮೇಲಿದ್ದೋರದು," ಎಂದ ಚೌರಪ್ಪ.

"ಈಗ ನೀವೂ ಅವನ ಹಾಗೆ ಸುಮ್ನೆ ಮಲಗಿರಿ. ಲೂರ್ದಮ್ಮ ಇದ್ದಾರೆ, ನಾನಿದ್ದೀನಿ. ನಿಮ್ಮ ಪಾಲಿನ ವಿಶ್ವಾಸಾನ ಸದ್ಯಕ್ಕೆ ನಾವು ಹಿಡ್ಕೊಂಡಿರ್ತೀವಿ."

ಚೌರಪ್ಪ ಮುಖ ಮುಚ್ಚಿಕೊಂಡು ಅತ್ತ. ಬಾವಿಯಿಂದ ಎತ್ತಿದ ದಿನದಿಂದ ಅವನು ಅತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಲೂರ್ದಮ್ಮನಿಗೆ ತೆರೆದ ಬಾಗಿಲಿನಿಂದ ಅದು ಕೇಳಿಸಿತು. ಅವಳು ಒಳಗೆ ಹೋಗಲಿಲ್ಲ.

ಮುಂದಿನ ಸಲ ಬಂದಾಗ ಅವನು ಎಂದಿನ ಜಾಗದಲ್ಲಿ ನಿಲ್ಲಿಸಲಿಲ್ಲ.

"ಇನ್ನಾಸಪ್ಪ ಆಗ್ಲೇ ಸಾಯ್ಲಿಲ್ಲ ಸಿಸ್ಟರ್. ಮಣ್ಣೊಳಗಿಂದ ಅವನ ದನಿ ಬರ್ತಿತ್ತು. ಪರಲೋಕ ಮಂತ್ರ ಶುರು ಮಾಡಿ ಅರ್ಧಕ್ಕೆ ನಿಲ್ಲಿಸ್ದ. ಉಳಿದದ್ದು ನಾನು ಹೇಳ್ಬೇಕು. ಇಳಿಯೋ ಮುಂಚೆ ದಿನಾ ನಾನೇ ಹೇಳ್ತಿದ್ದದ್ದು. ನನ್ ಬಾಯ್ತುಂಬ ಮಣ್ಣಿತ್ತು. ಅವನು ಮತ್ತೆ ಮೊದಲಿಂದ ಹೇಳ್ದ. ಮತ್ತೆ ಅಲ್ಲೇ ನಿಲ್ಲಿಸ್ದ. ಅಷ್ಟೊತ್ತಿಗೆ ನಾನು ಮಣ್ಣು ಉಗಿದಿದ್ದೆ. ಬಾಯಿ ಖಾಲಿ ಇತ್ತು. ಆದ್ರೂ ಸ್ವರ ಬರ್ಲಿಲ್ಲ. ಅವನು ಇನ್ನೊಂದು ಸಲ ಶುರು ಮಾಡ್ದ. ಅದು ಅರ್ಧಕ್ಕೂ ಬರ್ಲಿಲ್ಲ."

ನೀರು ಕೇಳದೆ ಮುಂದುವರಿಸಿದ. "ನಾನು ಕೈಬಿಟ್ಟೆ ಅಂದ್ಕೊಂಡೇ ಅವನು ಹೋದ."

ಸಿಸ್ಟರ್ ಸಮಾಧಾನ ಹೇಳಲಿಲ್ಲ. ಅವನ ತಪ್ಪಿಲ್ಲ ಎಂದೂ ಹೇಳಲಿಲ್ಲ. ಆ ಹೊತ್ತಿನಲ್ಲಿ ಅವನ ಎದೆಯ ಮೇಲೆ ಏನಿತ್ತು ಎಂದು ಕೇಳಿದರು. ಮಣ್ಣು, ಕಲ್ಲು, ಎಂದ ಚೌರಪ್ಪ. ಎದೆ ಏಳದೆ ಸ್ವರ ಬರುವುದುಂಟೇ ಎಂದು ಕೇಳಿದರು. ಅವನು ಇದನ್ನು ಯಾವತ್ತೂ ಯೋಚಿಸಿರಲಿಲ್ಲ.

ಸಿಸ್ಟರ್ ಇನ್ನೊಂದು ಪ್ರಶ್ನೆ ಕೇಳಿದರು. "ಉತ್ತರ ಬರ್ಲಿಲ್ಲ ಅಂತ ಇನ್ನಾಸಪ್ಪ ನಿಲ್ಲಿಸ್ಲಿಲ್ಲ. ಮತ್ತೆ ಮೊದಲಿಂದ ಹೇಳಿದ್ರು. ಯಾಕಿರ್ಬಹುದು?"

ಗೆಳೆಯನ ಸ್ವಭಾವ ಚೌರಪ್ಪನಿಗೆ ಗೊತ್ತಿತ್ತು. ಏಣಿ ಹತ್ತುವಾಗ ತಾನು ಸುಸ್ತಾಗಿ ನಿಂತರೆ ಇನ್ನಾಸಪ್ಪ ಬೈಯುತ್ತಿರಲಿಲ್ಲ, ತಾನೂ ನಿಲ್ಲುತ್ತಿದ್ದ. ಅವನ ದನಿಯಲ್ಲಿ ಆ ದಿನವೂ ಕೋಪವಿರಲಿಲ್ಲ. ಈಗ ಅದು ನೆನಪಾಯಿತು.

"ನನಗೆ ಉಸಿರು ತಗೊಳ್ಳೋಕೆ ಹೊತ್ತು ಕೊಟ್ಟ," ಎಂದ ಚೌರಪ್ಪ. "ನಾನಿದ್ದೀನಿ ಅಂತ ಅವನಿಗೆ ಗೊತ್ತಿತ್ತು."

ಅಂದು ಮನೆಗೆ ಹೋಗುವ ಬಸ್ಸಿನಲ್ಲಿ ಅವನು ಲೂರ್ದಮ್ಮನಿಗೂ ಎಲ್ಲವನ್ನೂ ಹೇಳಿದ. ಸಂಜೆಯ ಜಪಮಾಲೆಯಲ್ಲಿ ಗಂಡ ಎದ್ದು ಹೋಗುತ್ತಿದ್ದದ್ದು ಯಾಕೆಂದು ಅವಳಿಗೆ ಅರ್ಥವಾಯಿತು. ಅವಳು ಸ್ವಾಮಿಯವರನ್ನು ಕಾಣಬೇಕೆಂದಾಗ ಚೌರಪ್ಪ ಒಪ್ಪಿದ. ಸ್ವಾಮಿಯವರು ಅವಳಿಂದ ಎಲ್ಲ ಕೇಳಿ ತಲೆ ತಗ್ಗಿಸಿದರು. ಆ ಮನುಷ್ಯನಿಗೆ ನೋವಿರುವ ಕಡೆಯೇ ನಾವೆಲ್ಲ ಒತ್ತುತ್ತಿದ್ದೆವು ಎಂದರು. ಮುಂದಿನ ಭಾನುವಾರದಿಂದ ಪೂಜೆಯ ಹೊತ್ತಿನಲ್ಲಿ ಚರ್ಚಿನ ಪಕ್ಕದ ಬಾಗಿಲನ್ನು ತೆರೆದಿಡಿಸಿದರು. ಕಾರಣವನ್ನು ಯಾರಿಗೂ ಹೇಳಲಿಲ್ಲ.

ಚೌರಪ್ಪ ಮೊದಲು ಚರ್ಚಿನ ಹೊರಗೆ ಹುಣಸೆ ಮರದ ಕೆಳಗೆ ಕೂತ. ಕೆಲವು ವಾರಗಳ ಮೇಲೆ ಆ ಪಕ್ಕದ ಬಾಗಿಲವರೆಗೆ ಬಂದ. ಒಮ್ಮೆ ಒಳಗೆ ಬಂದು, ನಡುಕ ಹತ್ತಿ, ಹೊರಗೆ ಹೋದ. ಸಿಸ್ಟರ್ ಅದನ್ನು ಸೋಲು ಎನ್ನಲಿಲ್ಲ. ಮುಂದಿನ ವಾರ ಮತ್ತೆ ಬಂದ.

ಕೊನೆಗೆ ಅವನು ರೀತಮ್ಮನ ಮನೆಗೆ ಹೋದ. ಹೋಗು ಎಂದು ಯಾರೂ ಹೇಳಿರಲಿಲ್ಲ. ಅವಳು ಒಲೆಯ ಮುಂದೆ ಕೂತಿದ್ದಳು. ಅವನು ಹೊಸ್ತಿಲಲ್ಲೇ ನಿಂತು, ಅವಳ ಗಂಡ ಕೊನೆಯಲ್ಲಿ ಆಡಿದ ಮಾತು ಏನೆಂದು ಹೇಳಿದ. ತನಗೆ ಉತ್ತರ ಕೊಡಲಾಗಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅವಳು ಬೈಯುತ್ತಾಳೆ ಎಂದು ಕಾದು ನಿಂತ.

ರೀತಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಮ್ಮನೆಯವರು ಒಬ್ರೇ ಕಿರುಚಾಡ್ಕೊಂಡು ಸತ್ರು ಅಂದ್ಕೊಂಡಿದ್ದೆ ಅಣ್ಣಾ," ಎಂದಳು. "ನೀನು ಕೇಳಿಸ್ಕೊತಿದ್ದೆ ಅಂತ ಇವತ್ತು ಗೊತ್ತಾಯ್ತು."

ಅವಳೇ ಎದ್ದು ಚಪ್ಪಲಿ ಮೆಟ್ಟಿದಳು. ಇಬ್ಬರೂ ಊರಾಚೆ ಇದ್ದ ಇನ್ನಾಸಪ್ಪನ ಸಮಾಧಿಗೆ ಹೋದರು. ಅಂಗಳದಲ್ಲಿ ಕಾಯುತ್ತಿದ್ದ ಲೂರ್ದಮ್ಮ ಹಿಂದೆಯೇ ಬಂದಳು. ರೀತಮ್ಮ ಪರಲೋಕ ಮಂತ್ರ ಶುರು ಮಾಡಿ ಅರ್ಧಕ್ಕೆ ನಿಲ್ಲಿಸಿದಳು. ಚೌರಪ್ಪ ಪಾದಗಳನ್ನು ನೆಲಕ್ಕೆ ಒತ್ತಿ ನಿಂತ. ಉಸಿರನ್ನು ನಿಧಾನವಾಗಿ ಬಿಟ್ಟ. ಇಬ್ಬರು ಹೆಂಗಸರೂ ಕಾದರು. ಆಮೇಲೆ ಉಳಿದರ್ಧವನ್ನು ಅವನು ಹೇಳಿದ. ನಡುವೆ ತಡವರಿಸಿದ, ಆದರೆ ಕೊನೆಯ ಆಮೆನ್‌ವರೆಗೂ ಹೇಳಿದ.

ಚೌರಪ್ಪ ಮತ್ತೆ ಬಾವಿಗೆ ಇಳಿಯಲಿಲ್ಲ. ತೋಟದ ಕೆಲಸ ಹಿಡಿದ. ಈಗಲೂ ಮಲಗುವ ಕೋಣೆಯ ಬಾಗಿಲು ಹಾಕುವುದಿಲ್ಲ. ಕೆಲವೊಮ್ಮೆ ಮಣ್ಣಿನ ವಾಸನೆ ಬರುತ್ತದೆ. ಬಂದರೆ ಏನು ಮಾಡಬೇಕೆಂದು ಅವನಿಗೆ ಗೊತ್ತಿದೆ. ಸಂಜೆ ಜಪಮಾಲೆಗೆ ಕೂರುತ್ತಾನೆ.

ಮೇಷ್ಟ್ರು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಜ್ಞಾನಪ್ರಕಾಶ ಇನ್ನೂ ಏನೋ ಉಳಿದಿದೆ ಎಂಬಂತೆ ಅವರನ್ನೇ ನೋಡಿದ.

"ಅಷ್ಟು ತಿಂಗಳು ಸಿಸ್ಟರ್ ಅವನ ಜೊತೆ ಕೂತರು," ಎಂದ. "ಅವರು ದೇವರಿಗೆ ಬಾಳು ಕೊಟ್ಟವರು. ಆ ಕೋಣೆಯಲ್ಲಿ ಅವರು ಪ್ರಾರ್ಥನೆ ಮಾಡಿದ್ದು ಯಾವಾಗ ಮೇಷ್ಟ್ರೇ?"

"ಅವನ ಮಾತು ಕೇಳಿಸಿಕೊಳ್ಳುತ್ತಿದ್ದಷ್ಟು ಹೊತ್ತೂ," ಎಂದರು ಮೇಷ್ಟ್ರು.