ಕೀ ಕಿತ್ತರೂ ನಿಲ್ಲದ ಪಿಕಪ್

ಈ ಸಲ ಒಂದಕ್ಷರ ಸುಳ್ಳಿದ್ರೆ ಈ ತಾತನ ಮೀಸೆ ಬೋಳಿಸು ಮಗಳೇ.

ಸಾವ್ಕಾರ ಮರಿಬಸಪ್ಪ ಡ್ರೈವರ್ ಚಿಕ್ಕೀರನ್ನ ಗದರಿದ. "ಹೆಣ್ಣಾಳುಗಳ್ನ ಪಿಕಪ್ಪಲ್ಲಿ ತುಂಬ್ಕೊಂಡು ಘಾಟಿ ಇಳಿಸು. ಆಗಲ್ಲ ಅಂದ್ರೆ ಕೆಲಸ ಬಿಡು."

ಸವೆದ ಡೀಸೆಲ್ ಎಂಜಿನ್ನು ತನ್ನ ಆಯಿಲ್ ತಾನೇ ಕುಡಿದು, ಕೀ ಕಿತ್ರೂ ನಿಲ್ಲದೆ ಓಡೋಕೆ ಶುರುಮಾಡಿದೆ ಅಂತ ಚಿಕ್ಕೀರನಿಗೆ ಗೊತ್ತಿತ್ತು. ಹೇಳಿದ್ರೆ ಸಾವ್ಕಾರ ನಂಬೋನಲ್ಲ. ಅದಕ್ಕೇ ಜೋರಾಗಿ ರೇಸ್ ಕೊಟ್ಟು, ಕೀ ಕಿತ್ತು, ಕೆಳಗಿಳಿದು ಅವನ ಕೈಗಿಟ್ಟ.

ಎಂಜಿನ್ನು ನಿಲ್ಲಲಿಲ್ಲ. ಇನ್ನೂ ಜೋರಾಗಿ ಊಳಿಡ್ತು. ಖಾಲಿ ಸೀಟಿನ ಸುತ್ತ ಹೊಗೆ ತುಂಬ್ತು.

"ಯಾರೋ ಓಡಿಸ್ತಿರೋದು?" ಸಾವ್ಕಾರ ಕೈಲಿದ್ದ ಕೀ ನೋಡ್ದ.

"ನನಗಿಂತ ಮುಂಚೆ ಇದ್ದ ಡ್ರೈವರ್ರು, ಸಾವ್ಕಾರ್ರೆ. ಘಾಟೀಲೇ ತೀರ್ಕೊಂಡ್ನಲ್ಲ, ಅವನು. ನೀವು ಪಕ್ಕದಲ್ಲಿ ಕೂತ್ರೆ ಹೊರಡ್ತಾನಂತೆ."

ಸಾವ್ಕಾರ ತಾನೇ ಹೆಣ್ಣಾಳುಗಳ್ನ ಬಸ್ಸು ಹತ್ತಿಸಿದ. ಆ ಗಾಡಿ ಶೆಡ್ಡಲ್ಲಿ ಇವತ್ತಿಗೂ ಊಳಿಡ್ತಿದೆ. ಕೇಳಿಸ್ತಾ?

ಮೊಮ್ಮಗಳು ಕಿವಿಗೊಟ್ಟು ಅಂದ್ಳು, "ತಾತ, ಅದು ಅಜ್ಜಿ ಮಿಕ್ಸಿ."