ರಕ್ಕಸನ ಗುಡಾಣಕ್ಕೆ ಹೆಪ್ಪು

"ಕೇಳ್ರಪ್ಪೋ ಕೇಳ್ರಿ! ಗವಿಯ ರಕ್ಕಸನ ಮೂರು ಒಗಟು ಬಿಡಿಸಿದವರಿಗೆ ಮಹಾರಾಜರು ಅರ್ಧ ರಾಜ್ಯ ಕೊಡುತ್ತಾರೆ. ರಕ್ಕಸ ಸೆರೆಯಾಳುಗಳನ್ನೆಲ್ಲ ಬಿಡುತ್ತಾನೆ. ತಪ್ಪಿದವರನ್ನು ಮದ್ಯಕ್ಕೆ ನೆಂಚಿಕೊಳ್ಳುತ್ತಾನೆ!"

ಡಂಗುರ ಕೇಳಿದ್ದೇ ತಡ, ಬೊಮ್ಮನ ಅಣ್ಣ ಕರಿಯ ಅರ್ಧ ರಾಜ್ಯದ ಆಸೆಗೆ ಓಡಿದವನು ತಿರುಗಿ ಬರಲಿಲ್ಲ. "ಹೋಗಿ ಕರ್ಕೊಂಡು ಬಾ" ಎಂದಳು ಅತ್ತಿಗೆ. ಬೊಮ್ಮನಿಗೆ ರೇಗಿತು. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವವನು ಅವನು. ಮೊಸರು ಹುಳಿಯಾದರೂ ಬೈಗುಳ, ಹೆಪ್ಪುಗಟ್ಟದಿದ್ದರೂ ಬೈಗುಳ. ಈಗ ಅಣ್ಣನ ದುರಾಸೆಗೂ ಅವನೇ ತಲೆ ಕೊಡಬೇಕಿತ್ತು.

ಗವಿಯಲ್ಲಿ ಕರಿಯನನ್ನೂ ಆಸ್ಥಾನ ಪಂಡಿತರನ್ನೂ ಮದ್ಯ ಆಗುವವರೆಗೆಂದು ಕಂಬಕ್ಕೆ ಬಿಗಿದಿತ್ತು. ಒಲೆ ಪಕ್ಕದ ಗುಡಾಣದ ಮುಂದೆ ರಕ್ಕಸ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಅಣ್ಣನನ್ನು ಬಿಡಿಸಲು ಬಂದೆನೆಂದು ಬೊಮ್ಮ ಹೇಳಿದ್ದೇ ಒಗಟು ಶುರುಮಾಡಿದ.

"ತಾಯಿ ಹಿಮದ ನಾಡಿನವಳು, ತಂದೆ ಜೊತೆಗೇ ಬಂದವನು, ಮಗು ಮಾತ್ರ ಆ ನಾಡಿನದಲ್ಲ. ಯಾಕೆ? ಪಂಡಿತ ಪೂರ್ವಜನ್ಮದ ಕರ್ಮ ಅಂದ. ನಿಮ್ಮಣ್ಣ ಪಕ್ಕದ ಮನೆಯವನನ್ನ ಕೇಳು ಅಂದ. ಬಾಳೆಗಿಡವೇ ಇಲ್ಲದ ಗವೀಲಿ ಬಾಳೆಹಣ್ಣಿನ ವಾಸನೆ ಎಲ್ಲಿಂದ? ಪಂಡಿತ ಮಾಯೆ ಅಂದ. ಬೆಚ್ಚಗಿದ್ದರೆ ಕುಣಿದು ಕೆಡ್ತಾನೆ, ತಣ್ಣಗಿದ್ದರೆ ಸತ್ತಂಗೆ ಬೀಳ್ತಾನೆ, ಅವನನ್ನ ಎಬ್ಬಿಸೋದು ಹೇಗೆ? ಹೇಳು, ಸಾಕಾಗಿಹೋಗಿದೆ ನನಗೆ."

ಉತ್ತರ ಗೊತ್ತಿದ್ದವನು ಹೀಗೆ ಅಳುದನಿಯಲ್ಲಿ ಕೇಳುವುದಿಲ್ಲ. ಬೊಮ್ಮ ಗುಡಾಣ ಮೂಸಿದ. ಬಾಳೆಹಣ್ಣು ಘಮ್ಮೆಂದಿತು.

"ಇದು ಎಲ್ಲಿಯದು, ರಕ್ಕಸಪ್ಪ?"

ರಕ್ಕಸ ಗೋಳು ತೋಡಿಕೊಂಡ. ಹಿಮದ ನಾಡಿನ ವ್ಯಾಪಾರಿ ರುಚಿಗೆಂದು ಒಂದು ಕುಡಿಕೆ ಮದ್ಯ ಕೊಟ್ಟಿದ್ದ. ತಿಳಿಯಾಗಿತ್ತು, ಸ್ವಚ್ಛವಾಗಿತ್ತು. ಆಮೇಲೆ ಜವೆಗೋಧಿಯ ಪಾಕ ತುಂಬಿದ ಗುಡಾಣಗಳನ್ನು ಮಾರಿಹೋದ. ಒಂದೊಂದರ ಕೊರಳಿಗೂ ಪಾಕಕ್ಕೆ ಹುಳಿ ಬರಿಸುವ ಹುದುಗಿನ ಪೊಟ್ಟಣ ಕಟ್ಟಿತ್ತು. ಹಾಕಿ ಒಲೆ ಪಕ್ಕ ಇಟ್ಟಿದ್ದೆಲ್ಲ ಕೆಟ್ಟಿತು; ತಣ್ಣಗಿಟ್ಟಿದ್ದು ಅಲುಗದೆ, ಒಲೆ ಪಕ್ಕ ತಂದ ಮೇಲೆ ಅದೂ ಕೆಟ್ಟಿತು. ಉಳಿದಿದ್ದು ಹುದುಗು ಹಾಕದ ಒಂದೇ ಗುಡಾಣ.

"ಆ ಕುಡಿಕೆ ಇದೆಯಾ?"

ಗವಿಯ ತಣ್ಣನೆ ಮೂಲೆಯಲ್ಲಿತ್ತು. ತಳದಲ್ಲಿ ಗುಟುಕು ಮದ್ಯ, ಬಿಳಿ ಗಸಿ.

"ತಾಯಿ ಪಾಕ, ತಂದೆ ಹುದುಗು, ಮಗು ಮದ್ಯ," ಎಂದ ಬೊಮ್ಮ. "ಜೊತೆಗೆ ಕಟ್ಟಿದ ಮಾತ್ರಕ್ಕೆ ಹುದುಗೂ ಹಿಮದ ನಾಡಿನದೇ ಆಗಬೇಕಿಲ್ಲ. ಪೊಟ್ಟಣದಲ್ಲಿರೋದು ಸೆಕೆ ನಾಡಿನ ಹುದುಗು. ಯಾರ ಮನೆ ಮೊಸರು ರುಚಿಯೋ ಅವರ ಮನೆ ಹೆಪ್ಪು ತರಬೇಕು; ಈ ಗಸಿಯೇ ಹೆಪ್ಪು. ಬಾಳೆಹಣ್ಣಿನ ವಾಸನೆ ನಿನ್ನ ಒಲೆಯ ಕಾವಿಗೆ ಹುದುಗು ಕುಣಿದು ಬಂದದ್ದು. ಉಳಿದ ಗುಡಾಣ ತಣ್ಣನೆ ಮೂಲೆಗೆ ಹೋಗಲಿ."

"ಮೂರನೇದು? ತಣ್ಣಗಿದ್ದರೆ ಸತ್ತಂಗೆ ಬೀಳ್ತಾನಲ್ಲ?"

"ಸತ್ತಿರಲ್ಲ, ನಿಧಾನಕ್ಕೆ ಕೆಲಸ ಮಾಡ್ತಿರ್ತಾನೆ. ಎಬ್ಬಿಸಬೇಡ. ಮುಚ್ಚಳವನ್ನೂ ತೆಗೀಬೇಡ. ತಾಳಿದವನು ಬಾಳಿಯಾನು."

"ಇದೂ ಕೆಟ್ಟರೆ ನಿಮ್ಮನ್ನೆಲ್ಲ ಬರೀ ಬಾಯಲ್ಲೇ ತಿಂತೀನಿ" ಎಂದ ರಕ್ಕಸ.

ಕುಡಿಕೆಯ ಗಸಿಯನ್ನು ಗುಡಾಣಕ್ಕೆ ಸುರಿದು ಚಳಿಗಾಲವೆಲ್ಲ ಕಾದರು. ರಕ್ಕಸ ಮುಚ್ಚಳಕ್ಕೆ ಕೈಯಿಟ್ಟಾಗಲೆಲ್ಲ ಬೊಮ್ಮ ಗದರಿದ, ಗದರಿ ತಾನೇ ಕಂಬದ ಮರೆಗೆ ಸರಿದ. ಕೊನೆಗೆ ಮುಚ್ಚಳ ತೆಗೆದಾಗ ಬಾಳೆಯ ಸುಳಿವಿರಲಿಲ್ಲ. ರಕ್ಕಸ ಒಂದು ಗುಟುಕು ಕುಡಿದು, ಕುಡಿಕೆಯನ್ನು ಮತ್ತೆ ತುಂಬಿಕೊಂಡ.

"ಬಿಚ್ಕೋ ಅವರನ್ನ" ಎಂದ.

ಅರ್ಧ ರಾಜ್ಯವೂ ಬೊಮ್ಮನದಾಯಿತು. ಅವನು ಅಣ್ಣನ ಕಟ್ಟಿಗೆ ಕೈಹಾಕಿದಾಗ ಕರಿಯ, "ನಾನೂ ಅದನ್ನೇ ಹೇಳೋನಿದ್ದೆ ಕಣೋ" ಎಂದ.

ಬೊಮ್ಮ ಅರ್ಧ ಬಿಚ್ಚಿದ ಗಂಟನ್ನು ಮತ್ತೆ ಬಿಗಿದು, ಮೊದಲು ಪಂಡಿತರ ಕಟ್ಟು ಬಿಚ್ಚಲು ಹೋದ.